ಪರದೆಯ ಮೇಲಿನ ಹಳೇ ಕಾಲವನ್ನು ಆರಿಸಿಕೊಟ್ಟವರು ಯಾರು?

ಲ್ಯಾಟಿನ್ ಭಾಷೆಯಲ್ಲಿ 'ಇನ್' ಎಂಬ ಪುಟ್ಟ ಪದವಿದೆ. ಕನ್ನಡದಲ್ಲಾದರೆ ಅದು ಪದವೂ ಅಲ್ಲ. 'ಮನೆಯಲ್ಲಿ', 'ಮನಸ್ಸಿನಲ್ಲಿ' ಎಂದಾಗ ಬಾಲದ ಹಾಗೆ ಅಂಟಿಕೊಳ್ಳುವ 'ಅಲ್ಲಿ' ಅಷ್ಟೇ. ಈ ಪದದ ಬೆನ್ನು ಹತ್ತಿದ ಇಟಲಿಯ ಪಾದ್ರಿಯೊಬ್ಬರಿಂದ ನಮ್ಮ ಕಥೆ ಶುರುವಾಗುತ್ತದೆ. ಅವರ ಹೆಸರು ರೊಬೆರ್ತೊ ಬೂಸಾ. 13ನೇ ಶತಮಾನದ ಕ್ರೈಸ್ತ ತತ್ವಜ್ಞಾನಿ ಥಾಮಸ್ ಅಕ್ವೈನಾಸ್ 'ಇರುವಿಕೆ' ಎಂಬುದನ್ನು ಹೇಗೆ ಅರ್ಥ ಮಾಡಿಕೊಂಡಿದ್ದ ಎಂದು ಅವರು ಸಂಶೋಧನೆ ಮಾಡುತ್ತಿದ್ದರು. ಇರುವಿಕೆ ಎಂಬ ಪದವನ್ನಷ್ಟೇ ಹುಡುಕಿದರೆ ಸಾಲದು, 'ಇನ್' ಎಲ್ಲೆಲ್ಲಿ ಬಂದಿದೆ ಎಂದೂ ನೋಡಬೇಕು ಅಂತ ಅವರಿಗೆ ಹೊಳೆಯಿತು. ಕೂತು 10,000 ಚೀಟಿಗಳನ್ನು ಕೈಯಲ್ಲೇ ಬರೆದರು.

ಅಷ್ಟು ಬರೆದ ಮೇಲೆ ಯಾರಿಗಾದರೂ ಯಂತ್ರದ ನೆನಪಾಗುತ್ತದೆ ಬಿಡಿ. 1949ರಲ್ಲಿ ಬೂಸಾ ನ್ಯೂಯಾರ್ಕಿಗೆ ಹೋಗಿ ಐಬಿಎಂ ಮುಖ್ಯಸ್ಥ ಥಾಮಸ್ ವಾಟ್ಸನ್ ಅವರನ್ನು ಕಂಡರು. ಆಗಿನ ಪಂಚ್ ಕಾರ್ಡ್ ಯಂತ್ರಗಳು, ಅಂದರೆ ತೂತು ಕೊರೆದ ಕಾರ್ಡುಗಳನ್ನು ಓದುವ ಯಂತ್ರಗಳು, ಲೆಕ್ಕಪತ್ರಕ್ಕೆಂದು ಇದ್ದವು. ಹಳೆಯ ಲ್ಯಾಟಿನ್ ಗ್ರಂಥಕ್ಕೂ ಅವಕ್ಕೂ ಎತ್ತಣಿಂದೆತ್ತ ಸಂಬಂಧ? ಇದು ಆಗದ ಕೆಲಸ ಎಂದು ವಾಟ್ಸನ್ ಹೇಳಿದರಂತೆ. ಬೂಸಾ ಹೊರಗಿನ ಕೋಣೆಯಲ್ಲಿ ಸಿಕ್ಕ ಅದೇ ಕಂಪನಿಯ ಭಿತ್ತಿಪತ್ರವನ್ನು ಅವರ ಮುಂದಿಟ್ಟರು. ಕಷ್ಟದ ಕೆಲಸವನ್ನು ಈಗಲೇ ಮಾಡುತ್ತೇವೆ, ಆಗದ ಕೆಲಸಕ್ಕೆ ಸ್ವಲ್ಪ ಹೊತ್ತು ಹಿಡಿಯುತ್ತದೆ ಅಂತ ಅದರಲ್ಲಿತ್ತು. ವಾಟ್ಸನ್ ಒಪ್ಪಿದರು. ಇದು ಬೂಸಾ ಅವರೇ ಹೇಳಿಕೊಂಡು ಬಂದ ಕಥೆ. ಹೇಳಿ ಹೇಳಿ ಸ್ವಲ್ಪ ಹೊಳಪು ಬಂದಿರಲೂಬಹುದು.

'ಸ್ವಲ್ಪ ಹೊತ್ತು' ಅಂದರೆ ಮೂವತ್ತು ವರ್ಷ. ಒಂದು ಕೋಟಿಗೂ ಹೆಚ್ಚು ಪದಗಳನ್ನು ಕಾರ್ಡುಗಳಿಗೆ ಇಳಿಸಬೇಕಿತ್ತು. ಅದನ್ನು ಮಾಡಿದವರು ಗಲ್ಲಾರಾತೆ ಎಂಬ ಊರಿನಲ್ಲಿ ತರಬೇತಿ ಪಡೆದ ಹುಡುಗಿಯರು. ಅವರಿಗೆ ಲ್ಯಾಟಿನ್ ಬರುತ್ತಿರಲಿಲ್ಲ. ಬಾರದವರನ್ನೇ ಬೇಕೆಂದು ಆರಿಸಿದ್ದರು. ಭಾಷೆ ಬಲ್ಲವರು ಧೈರ್ಯದಲ್ಲಿ ಓಡಿಸಿಕೊಂಡು ಹೋಗಿ ತಪ್ಪು ಮಾಡುತ್ತಾರೆ, ಬಾರದವರು ಒಂದೊಂದೇ ಅಕ್ಷರ ನೋಡಿ ಒತ್ತುತ್ತಾರೆ ಎಂಬ ಲೆಕ್ಕ. ಕೊನೆಗೆ 1980ರ ಹೊತ್ತಿಗೆ ಅಕ್ವೈನಾಸ್ ಬರಹಗಳ ಪದಸೂಚಿ 56 ಸಂಪುಟಗಳಲ್ಲಿ ಅಚ್ಚಾಯಿತು. ಬೂಸಾ ಹೆಸರು ಎಲ್ಲ ಕಡೆ ಉಳಿಯಿತು. ಆ ಹುಡುಗಿಯರ ಹೆಸರು ಹುಡುಕಲು ಯಾರಾದರೂ ಹೊರಟಿದ್ದು ತೀರಾ ಇತ್ತೀಚೆಗೆ.

ಇದನ್ನು ಇಷ್ಟುದ್ದ ಹೇಳಿದ್ದು ಸುಮ್ನೆ ಅಲ್ಲ. ಹಳೇ ಕಾಲದ ಬಗ್ಗೆ ಏನಾದರೂ ತಿಳಿಯಬೇಕು ಅಂದರೆ ನಾವು ಮೊಬೈಲ್ ತೆಗೆದು ಹುಡುಕುತ್ತೇವೆ. ಏನೋ ಒಂದು ಸಿಗುತ್ತದೆ. ಸಿಕ್ಕಿದ್ದೇ ಇರುವುದು ಅಂದುಕೊಳ್ಳುತ್ತೇವೆ. ಆದರೆ ಅದು ಅಲ್ಲಿ ತಾನಾಗೇ ಬಂದು ಕೂತಿಲ್ಲ. ಯಾರಿಗೋ ಅದು ಬೇಕಿತ್ತು, ಯಾರೋ ದುಡ್ಡು ಕೊಟ್ಟರು, ಯಾರೋ ಬೆರಳು ನೋಯುವಷ್ಟು ಒತ್ತಿದರು. ಅಕ್ವೈನಾಸ್ ಎಲ್ಲರಿಗಿಂತ ಮೊದಲು ಯಂತ್ರ ಸೇರಿದ್ದಕ್ಕೂ ಇದೇ ಕಾರಣ.

ಎರಡನೇ ದೊಡ್ಡ ಸರದಿ ಗ್ರೀಕರದ್ದು. 1972ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಅರ್ವೈನ್ ಕ್ಯಾಂಪಸ್ಸಿನಲ್ಲಿ ಪ್ರಾಚೀನ ಗ್ರೀಕ್ ಸಾಹಿತ್ಯವನ್ನೆಲ್ಲ ಕಂಪ್ಯೂಟರಿಗೆ ಏರಿಸುವ ಯೋಜನೆ ಶುರುವಾಯಿತು. ಮೊದಲ ದುಡ್ಡು ಕೊಟ್ಟವರು ಅಲ್ಲೇ ಓದುತ್ತಿದ್ದ ಮರಿಯಾನ್ ಮೆಕ್‌ಡೊನಾಲ್ಡ್. ಕಂಪ್ಯೂಟರಿಗೋ ಗ್ರೀಕ್ ಅಕ್ಷರ ಗೊತ್ತಿಲ್ಲ. ಹಾಗಾಗಿ ಇಂಗ್ಲಿಷ್ ಕೀಲಿಮಣೆಯಲ್ಲೇ ಒಂದು ಗುಟ್ಟಿನ ಲಿಪಿ ಹುಟ್ಟಿತು. ಥೀಟಾ ಬೇಕಾದರೆ ಕ್ಯೂ ಒತ್ತಬೇಕು, ಸೈ ಬೇಕಾದರೆ ವೈ. ಹೋಮರನ ಕಾವ್ಯವೆಲ್ಲ ಹೀಗೆ ವೇಷ ಹಾಕಿಕೊಂಡು ಒಳಗೆ ಹೋಯಿತು. 1985ರಲ್ಲಿ ಅದು ಸಿಡಿ ಆಗಿ ಬಂತು, 2001ರಲ್ಲಿ ಇಂಟರ್ನೆಟ್ಟಿಗೆ. ಈಗ ಹೋಮರನಿಂದ ಹಿಡಿದು 1453ರಲ್ಲಿ ಕಾನ್‌ಸ್ಟಾಂಟಿನೋಪಲ್ ಬೀಳುವವರೆಗಿನ ಗ್ರೀಕ್ ಬರಹದ ಬಹುಪಾಲು ಅಲ್ಲಿದೆ.

ಆದರೆ ಇವೆಲ್ಲ ಪಂಡಿತರಿಗೆ. ಗ್ರೀಕ್, ಲ್ಯಾಟಿನ್ ಬಾರದ ನನ್ನಂಥವರಿಗೆ ಬಾಗಿಲು ತೆರೆದದ್ದು 1990ರ ದಶಕದಲ್ಲಿ. ಪರ್ಸಿಯಸ್ ಎಂಬ ಯೋಜನೆ 1995ರಲ್ಲಿ ವೆಬ್ಬಿಗೆ ಬಂತು. ಅದರಲ್ಲಿ ಗ್ರೀಕ್ ಪದದ ಮೇಲೆ ಒತ್ತಿದರೆ ಸಾಕು, ನಿಘಂಟು ತೆರೆದುಕೊಳ್ಳುತ್ತಿತ್ತು. ಮರುವರ್ಷ ಫೋರ್ಡಮ್ ವಿಶ್ವವಿದ್ಯಾಲಯದಲ್ಲಿದ್ದ ಪಾಲ್ ಹಾಲ್ಸಾಲ್ ಮಧ್ಯಯುಗದ ಮೂಲ ಬರಹಗಳ ಅನುವಾದಗಳನ್ನು ಒಂದು ಕಡೆ ಜೋಡಿಸಿಟ್ಟರು. ರಾಜರ ಶಾಸನ, ಸಂತರ ಚರಿತ್ರೆ, ಪ್ಲೇಗಿನ ಸಮಯದ ಬರಹ, ಎಲ್ಲವೂ ಪುಕ್ಕಟೆ. ನೋಡಲು ಏನೂ ಚೆಂದವಿರಲಿಲ್ಲ. ಆದರೂ ಎಷ್ಟೋ ತರಗತಿಗಳಲ್ಲಿ ಅದೇ ಪಠ್ಯಪುಸ್ತಕದ ಹಾಗಾಯಿತು.

ಇಲ್ಲೇ ಒಂದು ಗಂಟು ಬಿದ್ದಿದ್ದು. ಪುಕ್ಕಟೆ ಕೊಡಬೇಕಾದರೆ ಹಕ್ಕುಸ್ವಾಮ್ಯ ಮುಗಿದಿರಬೇಕು. 1998ರಲ್ಲಿ ಅಮೆರಿಕ ಹಕ್ಕುಸ್ವಾಮ್ಯದ ಅವಧಿಯನ್ನು ಇನ್ನೂ 20 ವರ್ಷ ಎಳೆಯಿತು. ಇದರಿಂದ 2019 ಬರುವ ತನಕ 1923ರಿಂದ ಈಚೆಗಿನ ಎಷ್ಟೋ ಪುಸ್ತಕಗಳನ್ನು ಮುಟ್ಟುವ ಹಾಗಿರಲಿಲ್ಲ. ಉಳಿದದ್ದು ಯಾವುದು? ನೂರು ವರ್ಷ ಹಳೆಯ ಅನುವಾದಗಳು. ಹಾಗಾಗಿ ಇಂಟರ್ನೆಟ್ಟಿನ ರೋಮನ್ನರು, ಗ್ರೀಕರು ಬಹಳ ಕಾಲ ವಿಕ್ಟೋರಿಯಾ ಕಾಲದ ಇಂಗ್ಲಿಷ್ ದೊರೆಗಳ ಹಾಗೆ ಮಾತಾಡಿದರು. ಮಡಿವಂತಿಕೆಯೂ ಅದೇ ಕಾಲದ್ದು. ರೋಮಿನ ಕವಿ ಮಾರ್ಷಿಯಲ್ ಬರೆದ ಪೋಲಿ ಪದ್ಯಗಳು ಗೊತ್ತಲ್ವಾ? 1919ರ ಒಂದು ಇಂಗ್ಲಿಷ್ ಅನುವಾದದಲ್ಲಿ ತೀರಾ ಪೋಲಿ ಎನಿಸಿದ ಪದ್ಯಗಳನ್ನು ಇಂಗ್ಲಿಷಿಗೆ ತರದೆ ಇಟಾಲಿಯನ್ ಭಾಷೆಯಲ್ಲಿ ಕೊಟ್ಟಿದ್ದಾರೆ! ಇಟಾಲಿಯನ್ ಬರುವವರು ಕೆಟ್ಟರೂ ಪರವಾಗಿಲ್ಲ ಅಂತ ಇರಬೇಕು.

ಅದಕ್ಕೇ ನಾನು ಇತ್ತೀಚೆಗೆ ಒಂದು ಅಭ್ಯಾಸ ಮಾಡಿಕೊಂಡಿದ್ದೇನೆ. ಹಳೆಯ ಬರಹವೊಂದು ಸಿಕ್ಕಿದ ಕೂಡಲೇ ಅದು ಯಾವ ವರ್ಷದ ಅನುವಾದ ಅಂತ ಮೊದಲು ನೋಡುವುದು. ಗುಲಾಮ ಎಂಬ ಪದವನ್ನು 'ಸೇವಕ' ಎಂದು ಮೆತ್ತಗೆ ಮಾಡಿಟ್ಟ ಅನುವಾದಗಳು ಕಡಿಮೆಯಿಲ್ಲ. ಅಂಥದ್ದನ್ನು ಓದಿ ಆ ಕಾಲ ಹೀಗಿತ್ತು ಅಂದರೆ, ಯಾವ ಕಾಲದ ಬಗ್ಗೆ ಮಾತಾಡುತ್ತಿದ್ದೇವೆ ಅನ್ನುವುದೇ ಅನುಮಾನ.

ಈ ಗಂಟಿನಿಂದ ತಪ್ಪಿಸಿಕೊಳ್ಳುವ ದಾರಿ ಚಿತ್ರಗಳಲ್ಲಿತ್ತು. ಅನುವಾದ ಹಳೆಯದಾಗಬಹುದು. ಮೂಲದ ಹಾಳೆಯನ್ನೇ ತೋರಿಸಿಬಿಟ್ಟರೆ? 1993ರಲ್ಲಿ ಬ್ರಿಟಿಷ್ ಲೈಬ್ರರಿ ಮತ್ತು ಕೆವಿನ್ ಕೀರ್ನನ್ ಎಂಬ ವಿದ್ವಾಂಸರು 'ಬೇವುಲ್ಫ್' ಕಾವ್ಯದ ಹಸ್ತಪ್ರತಿಯನ್ನು ಡಿಜಿಟಲ್ ಮಾಡಲು ಹೊರಟರು. ಸಾವಿರ ವರ್ಷದ ಹಿಂದಿನ ಈ ಇಂಗ್ಲಿಷ್ ಕಾವ್ಯಕ್ಕೆ ಉಳಿದಿರುವುದು ಅದೊಂದೇ ಪ್ರತಿ. 1731ರಲ್ಲಿ ಲಂಡನ್ನಿನ ಆಶ್‌ಬರ್ನ್‌ಹ್ಯಾಮ್ ಹೌಸ್‌ಗೆ ಬೆಂಕಿ ಬಿದ್ದಾಗ ಅದರ ಅಂಚುಗಳು ಸುಟ್ಟು ಕರಕಲಾಗಿದ್ದವು. ಮುಟ್ಟಿದರೆ ಉದುರುತ್ತಿದ್ದ ಹಾಳೆಗಳನ್ನು 1845ರಲ್ಲಿ ಒಂದೊಂದಾಗಿ ಕಾಗದದ ಚೌಕಟ್ಟಿಗೆ ಅಂಟಿಸಿದರು. ಹಾಳೆ ಉಳಿಯಿತು, ಅಂಚಿನ ಅಕ್ಷರಗಳು ಚೌಕಟ್ಟಿನ ಅಡಿಗೆ ಹೋದವು. ಕೀರ್ನನ್ ತಂಡ ಫೈಬರ್ ಆಪ್ಟಿಕ್ ದೀಪವನ್ನು ಹಿಂದಿನಿಂದ ಹಿಡಿದು ಫೋಟೊ ತೆಗೆಯಿತು. ಮುಚ್ಚಿಹೋಗಿದ್ದ ಅಕ್ಷರಗಳು ಪರದೆಯ ಮೇಲೆ ಕಂಡವು. ಹಸ್ತಪ್ರತಿಯನ್ನೇ ಎದುರಿಗಿಟ್ಟುಕೊಂಡರೂ ಕಾಣದ್ದು ಚಿತ್ರದಲ್ಲಿ ಕಂಡಿತು! ನನ್ನ ಪ್ರಕಾರ ಈ ಇಡೀ ಚರಿತ್ರೆಯ ನಿಜವಾದ ತಿರುವು ಇದೇ.

ಚದುರಿದ್ದು ಕೂಡಿಕೊಂಡಿದ್ದೂ ಆಗಲೇ. ಚೀನಾದ ದುನ್‌ಹುವಾಂಗ್ ಬಳಿ, 11ನೇ ಶತಮಾನದ ಆರಂಭದಲ್ಲಿ ಮುಚ್ಚಿಹೋಗಿದ್ದ ಗುಹೆಯೊಂದು 1900ರಲ್ಲಿ ವಾಂಗ್ ಯುವಾನ್‌ಲು ಎಂಬ ಸಾಧುವಿಗೆ ಸಿಕ್ಕಿತು. ಒಳಗೆ ಹತ್ತಾರು ಸಾವಿರ ಹಸ್ತಪ್ರತಿಗಳು. 868ನೇ ಇಸವಿ ಎಂದು ನಮೂದಿಸಿರುವ ಅಚ್ಚಾದ 'ವಜ್ರ ಸೂತ್ರ'ವೂ ಅಲ್ಲೇ ಇತ್ತು. 1907ರಲ್ಲಿ ಪುರಾತತ್ವಜ್ಞ ಆರೆಲ್ ಸ್ಟೈನ್ ಬಂದು ಗಾಡಿಗಟ್ಟಲೆ ಲಂಡನ್ನಿಗೆ ಸಾಗಿಸಿದ. ಮರುವರ್ಷ ಫ್ರೆಂಚ್ ವಿದ್ವಾಂಸ ಪೆಲ್ಯೊ ಪ್ಯಾರಿಸ್ಸಿಗೆ. ಆಮೇಲೆ ಜಪಾನೀಯರು, ರಷ್ಯನ್ನರು. ಒಂದೇ ಸುರುಳಿಯ ಒಂದು ತುಂಡು ಒಂದು ದೇಶದಲ್ಲಿ, ಇನ್ನೊಂದು ತುಂಡು ಇನ್ನೊಂದು ದೇಶದಲ್ಲಿ ಎಂಬಂತಾಯಿತು. ಅವನ್ನು ಮತ್ತೆ ಒಟ್ಟಿಗೆ ನೋಡುವಂತೆ ಮಾಡಲು 1994ರಲ್ಲಿ ಅಂತರರಾಷ್ಟ್ರೀಯ ಯೋಜನೆಯೊಂದು ಹುಟ್ಟಿತು. 4ನೇ ಶತಮಾನದ ಬೈಬಲ್ ಪ್ರತಿ ಕೋಡೆಕ್ಸ್ ಸಿನೈಟಿಕಸ್‌ನ ಕಥೆಯೂ ಹೀಗೇ. ಅದರ ಹಾಳೆಗಳು ಲಂಡನ್, ಲೈಪ್‌ಜಿಗ್, ಸೇಂಟ್ ಪೀಟರ್ಸ್‌ಬರ್ಗ್ ಮತ್ತು ಸಿನಾಯ್ ಮಠದಲ್ಲಿ ಹಂಚಿಹೋಗಿವೆ. 2009ರಿಂದ ಪರದೆಯ ಮೇಲೆ ಮಾತ್ರ ಅದು ಒಂದೇ ಪುಸ್ತಕ. ವಸ್ತುವನ್ನು ವಾಪಸ್ ಕೊಡುವ ಮಾತು ಬಂದಾಗ 'ಚಿತ್ರ ಇದೆಯಲ್ಲ' ಅನ್ನುವುದು ಉತ್ತರವಾಗಬಾರದು ಎಂಬ ತಕರಾರಿನಲ್ಲೂ ಅರ್ಥವಿದೆ ಅನ್ನಿ.

ಮುಂದೆ ಯಂತ್ರಗಳೇ ಓದಲು ಕಲಿತವು. ಕ್ರಿ.ಶ. 79ರಲ್ಲಿ ಇಟಲಿಯ ವೆಸೂವಿಯಸ್ ಜ್ವಾಲಾಮುಖಿ ಸಿಡಿದಾಗ ಹರ್ಕ್ಯುಲೇನಿಯಮ್ ಎಂಬ ರೋಮನ್ ಪಟ್ಟಣದ ಪಪೈರಸ್ (ಜೊಂಡಿನ ಕಾಗದ) ಸುರುಳಿಗಳು ಇದ್ದಿಲಾದವು. ಬಿಚ್ಚಿದರೆ ಪುಡಿ. 2023ರಲ್ಲಿ ಅವುಗಳ ಸ್ಕ್ಯಾನ್‌ಗಳನ್ನು ಇಂಟರ್ನೆಟ್ಟಿಗೆ ಹಾಕಿ, ಯಾರು ಬೇಕಾದರೂ ಓದಿ ನೋಡಿ ಎಂದು ಬಹುಮಾನ ಇಟ್ಟರು. ಅದೇ ಅಕ್ಟೋಬರಿನಲ್ಲಿ ಮೊದಲ ಪದ ಹೊರಬಂತು. ನೇರಳೆ ಬಣ್ಣ ಎಂದು ಅದರ ಅರ್ಥ. 2024ರ ಫೆಬ್ರುವರಿಯಲ್ಲಿ ಮೂವರು ವಿದ್ಯಾರ್ಥಿಗಳು 7 ಲಕ್ಷ ಡಾಲರ್ ಬಹುಮಾನ ಹಂಚಿಕೊಂಡರು. ಓದಿದ್ದು ಎಷ್ಟು? ಒಂದು ಸುರುಳಿಯ ಸುಮಾರು ಶೇ. 5 ಭಾಗ.

ಇಷ್ಟೆಲ್ಲ ಬಂದರೂ ಜನರ ಕೈಗೆ ಸಿಗುವುದು ಯಾವುದು ಎಂಬುದು ಬೇರೆಯೇ ಕಥೆ. ಮೆಸಪೊಟೇಮಿಯಾದ ಜೇಡಿಮಣ್ಣಿನ ಫಲಕಗಳನ್ನೇ ನೋಡಿ. ಅವಕ್ಕೆಂದೇ ಇರುವ ಡಿಜಿಟಲ್ ಭಂಡಾರದಲ್ಲಿ 3 ಲಕ್ಷಕ್ಕೂ ಹೆಚ್ಚು ನಮೂದುಗಳಿವೆ. ಲೋಕಕ್ಕೆಲ್ಲ ಗೊತ್ತಿರುವುದು ಒಂದೇ ಒಂದು. ಸುಮಾರು ಕ್ರಿ.ಪೂ. 1750ರಲ್ಲಿ ಊರ್ ಪಟ್ಟಣದ ಏಯಾ ನಾಸಿರ್ ಎಂಬ ವ್ಯಾಪಾರಿ ಕಳಪೆ ತಾಮ್ರ ಕೊಟ್ಟ ಎಂದು ನನ್ನಿ ಎಂಬವನು ಕೋಪದಿಂದ ಬರೆಸಿದ ದೂರು. ಅದು ಮೀಮ್ ಆಗಿ ಮನೆಮಾತಾಯಿತು. ನಗು ಬರುವಂಥದ್ದೇ, ಬೇಡ ಅನ್ನುತ್ತಿಲ್ಲ. ಆದರೆ ಉಳಿದ ಫಲಕಗಳಲ್ಲಿ ಬಾರ್ಲಿ ಎಷ್ಟು ಬಂತು, ಕುರಿ ಎಷ್ಟು ಹೋದವು, ಕೂಲಿ ಎಷ್ಟು ಎಂಬ ಲೆಕ್ಕವೇ ಜಾಸ್ತಿ. ಅನುವಾದವಾಗದೆ ಬಿದ್ದಿರುವುದೂ ಬಹಳ. ಅನುವಾದವಾಗದ್ದು ಹುಡುಕಾಟದಲ್ಲಿ ಸಿಗುವುದಿಲ್ಲ. ಸಿಗದ್ದರ ಬಗ್ಗೆ ಯಾರೂ ಕೇಳುವುದಿಲ್ಲ. ಕೇಳದಿದ್ದರೆ ಅನುವಾದಕ್ಕೆ ದುಡ್ಡು ಬರುವುದಿಲ್ಲ.

ಇನ್ನು, ಇದ್ದದ್ದು ಇರುತ್ತದೆ ಅನ್ನುವ ಭರವಸೆಯೂ ಇಲ್ಲ. 2023ರ ಅಕ್ಟೋಬರಿನಲ್ಲಿ ಬ್ರಿಟಿಷ್ ಲೈಬ್ರರಿಯ ಮೇಲೆ ಸೈಬರ್ ದಾಳಿಯಾಯಿತು. ದಾಳಿಕೋರರು ಹಣ ಕೊಡಿ ಎಂದರು, ಲೈಬ್ರರಿ ಕೊಡಲಿಲ್ಲ. ವರ್ಷಗಟ್ಟಲೆ ಕೂತು ಫೋಟೊ ತೆಗೆದಿಟ್ಟ ಹಸ್ತಪ್ರತಿಗಳ ಪುಟಗಳು ರಾತ್ರೋರಾತ್ರಿ ಕಾಣೆಯಾದವು. ಮೂಲ ಪ್ರತಿಗಳಿಗೆ ಏನೂ ಆಗಿರಲಿಲ್ಲ. ಆದರೆ ಲಂಡನ್ನಿಗೆ ಹೋಗಲಾಗದವರಿಗೆ ಇದ್ದೂ ಇಲ್ಲದ ಹಾಗೆ. ಆಮೇಲೆ ಒಂದೊಂದೇ ಕಂತಿನಲ್ಲಿ ಪುಟಗಳು ವಾಪಸ್ ಬರತೊಡಗಿದವು.

ಆಗ ನನಗೆ ನೆನಪಾಗಿದ್ದು ಥಾರ್ಕೆಲಿನ್. ಐಸ್‌ಲ್ಯಾಂಡಿನಲ್ಲಿ ಹುಟ್ಟಿ ಡೆನ್ಮಾರ್ಕಿನಲ್ಲಿ ನೆಲೆಸಿದ್ದ ಇವರು 1780ರ ದಶಕದಲ್ಲಿ ಲಂಡನ್ನಿಗೆ ಬಂದು 'ಬೇವುಲ್ಫ್'ನ ಎರಡು ನಕಲು ಪ್ರತಿ ಮಾಡಿಸಿಕೊಂಡು ಹೋದರು. ಒಂದನ್ನು ತಾವೇ ಬರೆದರು. ಇನ್ನೊಂದನ್ನು ಬರೆದವನು ಕೂಲಿಗೆ ಬಂದ ನಕಲುಗಾರ. ಅವನಿಗೆ ಆ ಹಳೆಯ ಭಾಷೆ ಬರುತ್ತಿರಲಿಲ್ಲ. ಕಂಡದ್ದನ್ನು ಕಂಡ ಹಾಗೆ ಬರೆದ. ಆಮೇಲೆ ಮೂಲದ ಅಂಚುಗಳು ಉದುರಿಹೋದವು. ಈಗ ಮೂಲದಲ್ಲಿಲ್ಲದ ಸುಮಾರು 2,000 ಅಕ್ಷರಗಳು ನಮಗೆ ಗೊತ್ತಿರುವುದು ಈ ನಕಲುಗಳಿಂದ. 1807ರಲ್ಲಿ ಬ್ರಿಟಿಷ್ ನೌಕಾಪಡೆ ಕೋಪನ್‌ಹೇಗನ್ ಮೇಲೆ ಗುಂಡು ಸುರಿಸಿದಾಗ ಥಾರ್ಕೆಲಿನ್ ಮನೆ ಸುಟ್ಟಿತು. ಇಪ್ಪತ್ತು ವರ್ಷದ ಅವರ ಕೆಲಸ ಬೂದಿಯಾಯಿತು. ನಕಲುಗಳು ಮಾತ್ರ ಹೇಗೋ ಉಳಿದವು. ಈಗ ಅವು ಕೋಪನ್‌ಹೇಗನ್ನಿನ ರಾಯಲ್ ಲೈಬ್ರರಿಯಲ್ಲಿವೆ. ಕೀರ್ನನ್ 1999ರಲ್ಲಿ ತಂದ ಸಿಡಿಯಲ್ಲಿ ಅವುಗಳ ಚಿತ್ರವೂ ಇದೆ.