ಕಟ್ಟಡಕ್ಕಿಂತ ಮೊದಲು ಸೈಟಿನ ಗೆರೆ ಹಿಡಿಯಿರಿ

ಊರಿನ ರೂಪ ತೋರಿಸಲು ನಕ್ಷೆಯಲ್ಲಿ ಕಟ್ಟಡಗಳಿಗೆ ಕಪ್ಪು ತುಂಬಿ ಉಳಿದದ್ದನ್ನು ಬಿಳಿ ಬಿಡುವುದು ರೂಢಿ. ಜಯನಗರಕ್ಕೆ ಅದು ಚೆನ್ನಾಗಿ ಒದಗುತ್ತದೆ. ಬೆಂಗಳೂರಿನ ಹಳೇ ಪೇಟೆಗೆ ಒದಗುವುದಿಲ್ಲ. ಚಿಕ್ಕಪೇಟೆಯಲ್ಲಿ ಗೋಡೆಗೆ ಗೋಡೆ ಅಂಟಿಕೊಂಡಿರುವುದರಿಂದ ಬೀದಿಯಿಂದ ಬೀದಿಗೆ ಒಂದೇ ಕಪ್ಪು ಮುದ್ದೆಯಾಗುತ್ತದೆ. ತಿಳಿಯಬೇಕಾದದ್ದು ಆ ಮುದ್ದೆಯೊಳಗಿನ ಸೈಟಿನ ಗಡಿಗಳಲ್ಲಿದೆ.

ಬೀದಿ, ಸೈಟು, ಕಟ್ಟಡ ಈ ಮೂರಕ್ಕೂ ಬೇರೆ ಬೇರೆ ಆಯಸ್ಸು. ದೊಡ್ಡಪೇಟೆ ಇಂದು ಅವೆನ್ಯೂ ರಸ್ತೆಯಾಗಿದೆ, ಆದರೆ ಚಿಕ್ಕಪೇಟೆಯ ಬೀದಿಯನ್ನು ಅದು ಕತ್ತರಿಸುವ ಜಾಗ ಕದಲಿಲ್ಲ. ಅದರ ಮೇಲಿನ ಕಟ್ಟಡಗಳು ಎಷ್ಟೋ ಸಲ ಬಿದ್ದು ಎದ್ದಿವೆ. ಸೈಟು ಇವೆರಡರ ನಡುವಿನದು: ಅಣ್ಣತಮ್ಮಂದಿರ ಪಾಲಿನಲ್ಲಿ ಸೀಳುತ್ತದೆ, ಮಾರಾಟದಲ್ಲಿ ಕೂಡುತ್ತದೆ. ಬೀದಿ ಕಡೆ ಕಿರಿದಾಗಿ, ಹಿಂದಕ್ಕೆ ಉದ್ದವಾಗಿ ಓಡುವ ಮಳಿಗೆ ಕಂಡರೆ ಅಲ್ಲೊಂದು ಹಳೇ ಪಾಲಿನ ಗೆರೆ ಇದೆಯೇ ಎಂದು ಹುಡುಕಬೇಕು.

ಆ ಗೆರೆ ಉಪಗ್ರಹ ಚಿತ್ರದಲ್ಲಿ ಕಾಣದು. ತಗಡಿನ ಚಾವಣಿ ನಾಲ್ಕು ಮನೆಗಳನ್ನು ಒಂದು ಮಾಡಿಬಿಡುತ್ತದೆ, ಎತ್ತರದ ಕಟ್ಟಡ ಚಿತ್ರದಲ್ಲಿ ಪಕ್ಕಕ್ಕೆ ವಾಲಿರುತ್ತದೆ. ಚಾವಣಿಯ ಅಂಚು ಹಿಡಿದು ಗೆರೆ ಎಳೆದರೆ ಪಾಯ ಕೆಲವು ಮೀಟರ್ ಆಚೆ ಹೋದಂತೆಯೇ. ಗೋಡೆ ನೆಲ ಮುಟ್ಟುವ ಕಡೆಯಿಂದ ಎಳೆಯಿರಿ. ಆಮೇಲೆ 1:500ರಲ್ಲಿ (ಹಾಳೆಯ ಒಂದು ಸೆಂಟಿಮೀಟರ್ ನೆಲದ 5 ಮೀಟರ್) ಮುದ್ರಿಸಿಕೊಂಡು ಬೀದಿಗಿಳಿಯಿರಿ. ಎ3 ಹಾಳೆಯಲ್ಲಿ ಸುಮಾರು 210 ಮೀಟರ್ ಉದ್ದ, 148 ಮೀಟರ್ ಅಗಲ ಹಿಡಿಸುತ್ತದೆ. ಜಗಲಿಯ ಮಟ್ಟ ಎಲ್ಲಿ ಬದಲಾಗುತ್ತದೆ, ಪ್ಯಾರಪೆಟ್ ಎಲ್ಲಿ ಮುರಿಯುತ್ತದೆ, ಗಾರೆಯಲ್ಲಿ ನೆತ್ತಿಯಿಂದ ನೆಲದವರೆಗೆ ನೇರ ಬಿರುಕು ಎಲ್ಲಿದೆ, ವಿದ್ಯುತ್ ಮೀಟರ್‌ಗಳು ಎಷ್ಟು ಗುಂಪಾಗಿವೆ ನೋಡಿ. ಎರಡು ಗುರುತು ಒಂದೇ ಕಡೆ ಸೇರಿದರೆ ಅಲ್ಲಿ ಗಡಿ ಇರುವ ಸಾಧ್ಯತೆ ಹೆಚ್ಚು.

1898ರ ಪ್ಲೇಗಿನ ನಂತರ ಬೆಳೆದ ಬಸವನಗುಡಿ, ಮಲ್ಲೇಶ್ವರಗಳಲ್ಲಿ ತಪ್ಪುವುದು ಬೇರೆ ಕಡೆ: ಹಿತ್ತಿಲ ಹಿಂದಿನ ಕನ್ಸರ್ವೆನ್ಸಿ ಗಲ್ಲಿಯನ್ನು, ಅಂದರೆ ಕಕ್ಕಸು ಬಳಿಯಲು ಬಿಟ್ಟಿದ್ದ ಕಿರುದಾರಿಯನ್ನು, ಬಿಟ್ಟುಬಿಡುತ್ತಾರೆ. ಎಷ್ಟೋ ಕಡೆ ಅದು ಮುಚ್ಚಿಹೋಗಿರುತ್ತದೆ. ಆದರೂ ಬರೆಯಲೇಬೇಕು, ಇಲ್ಲವಾದರೆ ಬೆನ್ನಿಗೆ ಬೆನ್ನು ಕೊಟ್ಟ ಎರಡು ಸಾಲು ಸೈಟುಗಳು ಏಕೆ ಹಾಗೆ ನಿಂತಿವೆ ಎಂಬುದೇ ಅರ್ಥವಾಗದು.

ಹೊಲಗಳನ್ನೇ ಸೈಟುಗಳಾಗಿ ಸೀಳಿದ ಊರಂಚಿನ ಕಂದಾಯ ಬಡಾವಣೆಗಳಿಗೆ ಹಳೇ ಗ್ರಾಮ ನಕ್ಷೆಯೇ ಕೀಲಿ. ರಸ್ತೆ ಇದ್ದಕ್ಕಿದ್ದಂತೆ ಗೋಡೆಗೆ ಬಡಿದು ನಿಂತರೆ ಬಹುಪಾಲು ಅಲ್ಲೊಂದು ಹೊಲದ ಬದು ಇತ್ತು: ಒಬ್ಬ ರೈತನ ಸರ್ವೆ ನಂಬರ್ ಮುಗಿದಲ್ಲಿಗೆ ಅವನ ಬಡಾವಣೆಯೂ ಮುಗಿಯಿತು, ಪಕ್ಕದವನು ತನ್ನ ಹೊಲದ ವಾಲಿಗೆ ತಕ್ಕಂತೆ ಬೇರೆ ರಸ್ತೆ ಬಿಟ್ಟ. ಹಳೇ ಬಂಡಿ ದಾರಿ ಮಾತ್ರ ಡೊಂಕುಡೊಂಕಾಗಿ ಎಲ್ಲವನ್ನೂ ದಾಟಿ ಸಾಗುತ್ತದೆ.

ಈ ನಕ್ಷೆಗಳು ಸಾಮಾನ್ಯವಾಗಿ 1:7920 ಅಳತೆಯವು, ಅಂದರೆ ಒಂದು ಇಂಚಿಗೆ 660 ಅಡಿ. ಅರ್ಧ ಮಿಲಿಮೀಟರ್ ದಪ್ಪದ ಶಾಯಿ ಗೆರೆ ನೆಲದಲ್ಲಿ ಸುಮಾರು 4 ಮೀಟರ್. ಇದರಿಂದ 30×40 ಅಡಿ ಸೈಟಿನ ಗಡಿ ತೀರ್ಮಾನಿಸಲು ಹೋಗಬೇಡಿ. ಹೊಲದ ಆಕಾರ ತಿಳಿಯಲು ಸಾಕು. ಹಳೇ ನಕ್ಷೆಯನ್ನು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶದಲ್ಲಿ ಇಂದಿನ ನೆಲಕ್ಕೆ ಕೂರಿಸುವಾಗ ಕೆರೆ ಏರಿಯ ತುದಿ, ಹಳೇ ಗುಡಿ, ಗಡಿಕಲ್ಲುಗಳಂಥ ಕದಲದ ಗುರುತುಗಳನ್ನು ಕನಿಷ್ಠ ಆರು ಕಡೆ, ನಾಲ್ಕೂ ಮೂಲೆಗೆ ಹರಡಿ ಹಿಡಿಯಿರಿ. ಕೂರಿಸುವ ವಿಧಾನಗಳಲ್ಲಿ ಮೊದಲು ಹಾಳೆಯನ್ನು ಬಗ್ಗಿಸದ ಪಾಲಿನಾಮಿಯಲ್ 1 ಬಳಸಿ. ಥಿನ್ ಪ್ಲೇಟ್ ಸ್ಪ್ಲೈನ್ ಎಂಬ ಇನ್ನೊಂದು ವಿಧಾನದಲ್ಲಿ ದೋಷ ಸೊನ್ನೆ ಎಂದು ಬರುವುದನ್ನು ನಂಬಬೇಡಿ: ಅದು ಪ್ರತಿ ಗುರುತಿಗೂ ಹಾಳೆಯನ್ನೇ ಎಳೆದು ಕೂರಿಸುತ್ತದೆ, ತಪ್ಪಾಗಿ ಇಟ್ಟ ಗುರುತೂ ಸರಿಯೆಂದೇ ತೋರುತ್ತದೆ.

ವಿಸ್ತೀರ್ಣ ಎಣಿಸುವ ಮೊದಲು ಪ್ರೊಜೆಕ್ಷನ್, ಅಂದರೆ ದುಂಡು ಭೂಮಿಯನ್ನು ಚಪ್ಪಟೆ ಹಾಳೆಗೆ ಇಳಿಸಿದ ಬಗೆ, ನೋಡಿಕೊಳ್ಳಿ. ಅಂತರ್ಜಾಲ ನಕ್ಷೆಗಳು ಬಳಸುವ ವೆಬ್ ಮರ್ಕೇಟರ್‌ನಲ್ಲೇ ಸಮತಲದ ಲೆಕ್ಕ ಹಾಕಿದರೆ ಬೆಂಗಳೂರಿನ ಅಕ್ಷಾಂಶದಲ್ಲಿ ವಿಸ್ತೀರ್ಣ ಶೇ. 5ಕ್ಕೂ ಹೆಚ್ಚು ಉಬ್ಬುತ್ತದೆ, 1,200 ಚದರಡಿಯ ಸೈಟು 1,260 ದಾಟುತ್ತದೆ. ಬೆಂಗಳೂರು ಬೀಳುವ ಯುಟಿಎಂ 43 ಉತ್ತರ ವಲಯದ ಪ್ರೊಜೆಕ್ಷನ್‌ಗೆ (ತಂತ್ರಾಂಶದಲ್ಲಿ ಅದರ ಸಂಕೇತ ಇಪಿಎಸ್‌ಜಿ 32643) ಬದಲಿಸಿ.

ಕೊನೆಗೆ, ಪ್ರತಿ ಗೆರೆಯೂ ಎಲ್ಲಿಂದ ಬಂತೆಂದು ಬರೆಯಲು ಮಾಹಿತಿ ಪಟ್ಟಿಯಲ್ಲಿ ಒಂದು ಕಾಲಂ ಇಡಿ: ಟೇಪು ಹಿಡಿದು ಅಳೆದದ್ದೋ, ಚಿತ್ರ ನೋಡಿ ಎಳೆದದ್ದೋ, ಊಹಿಸಿದ್ದೋ. ಊಹೆಯ ಗೆರೆ ಚುಕ್ಕೆಚುಕ್ಕೆಯಾಗಿಯೇ ಮುದ್ರಣವಾಗಲಿ.