ಹೆಸರು ಬ್ರಾಂಜ್, ಕೋಡ್ ಹಿತ್ತಾಳೆಯದು: ತಾಮ್ರ ಮಿಶ್ರಲೋಹದ ರಾಡು ಯಾವ ಸುಂಕ ಶೀರ್ಷಿಕೆಗೆ?

ಪ್ರಶ್ನೆ: ನಾವು ತರಿಸುವ ‘ಮ್ಯಾಂಗನೀಸ್ ಬ್ರಾಂಜ್’ ರಾಡಿಗೆ ಮಾರಾಟಗಾರರು ಇನ್‌ವಾಯ್ಸ್‌ನಲ್ಲಿ ಎಚ್ಎಸ್ ಕೋಡ್ (ಸರಕುಗಳ ಅಂತರರಾಷ್ಟ್ರೀಯ ಸುಂಕ ವರ್ಗೀಕರಣದ ಸಂಖ್ಯೆ) 7407.21 ಎಂದು ಹಾಕಿದ್ದಾರೆ. ಅದು ಹಿತ್ತಾಳೆಯ ಕೋಡ್. ಬ್ರಾಂಜ್ ಎಂದಮೇಲೆ ತಾಮ್ರದ ಇತರ ಮಿಶ್ರಲೋಹಗಳ 7407.29 ಆಗಬೇಕಲ್ಲವೇ?

ಉತ್ತರ: ರಾಡು ಅಮೆರಿಕದ ಯುಎನ್ಎಸ್ ದರ್ಜೆಪಟ್ಟಿಯ ಸಿ67500 ಆಗಿದ್ದರೆ ಮಾರಾಟಗಾರರು ಹಾಕಿದ್ದೇ ಸರಿ. ಆ ದರ್ಜೆಯಲ್ಲಿ ತಾಮ್ರ ಶೇ 57ರಿಂದ 60, ತವರ ಶೇ 0.5ರಿಂದ 1.5, ಕಬ್ಬಿಣ ಶೇ 2ರೊಳಗೆ, ಹೆಸರಿಗೆ ಕಾರಣವಾದ ಮ್ಯಾಂಗನೀಸ್ ಹೆಚ್ಚೆಂದರೆ ಶೇ 0.5. ಮಿಕ್ಕಿದ್ದು ಬಹುಪಾಲು ಸತು. ವ್ಯಾಪಾರದಲ್ಲಿ ಅದನ್ನು ಏನೆಂದು ಕರೆದರೂ ಸುಂಕದ ಲೆಕ್ಕಕ್ಕೆ ಅದು ಹಿತ್ತಾಳೆ. 90 ಪಾಲು ತಾಮ್ರ, 10 ಪಾಲು ಸತು ಇರುವ ‘ಕಮರ್ಷಿಯಲ್ ಬ್ರಾಂಜ್’, ಸೀಸ ಬೆರೆಸಿದ ‘ಆರ್ಕಿಟೆಕ್ಚರಲ್ ಬ್ರಾಂಜ್’ ಇವೆರಡೂ ಹೀಗೆಯೇ 7407.21ಕ್ಕೆ ಸೇರುತ್ತವೆ.

ಹಿತ್ತಾಳೆ ಎನಿಸಿಕೊಳ್ಳಲು 74ನೇ ಅಧ್ಯಾಯದ ಉಪಶೀರ್ಷಿಕೆ ಟಿಪ್ಪಣಿ ಮೂರು ಷರತ್ತು ಹಾಕುತ್ತದೆ. ತಾಮ್ರವನ್ನು ಬಿಟ್ಟರೆ ಉಳಿದ ಪ್ರತಿಯೊಂದು ಧಾತುವಿಗಿಂತಲೂ ಸತು ಹೆಚ್ಚಿರಬೇಕು. ನಿಕಲ್ ಶೇ 5ಕ್ಕಿಂತ ಕಡಿಮೆ ಇರಬೇಕು. ತವರ ಶೇ 3ಕ್ಕಿಂತ ಕಡಿಮೆ ಇರಬೇಕು. ಒಂದು ತಪ್ಪಿದರೂ ಅದು ಹಿತ್ತಾಳೆಯಲ್ಲ, 7407.29. ಹೀಗಾಗಿ ‘ರೆಡ್ ಬ್ರಾಸ್’ ಎಂದು ಕರೆಸಿಕೊಳ್ಳುವ, 85 ಪಾಲು ತಾಮ್ರಕ್ಕೆ ತವರ, ಸೀಸ, ಸತು ತಲಾ 5 ಪಾಲು ಇರುವ ಗನ್‌ಮೆಟಲ್ ಹಿತ್ತಾಳೆಯ ಸಾಲಿಗೆ ಬರುವುದಿಲ್ಲ. ಶೇ 18 ನಿಕಲ್, ಶೇ 17 ಸತು ಇರುವ ನಿಕಲ್ ಸಿಲ್ವರ್ ಕೂಡ ಬರುವುದಿಲ್ಲ. ಹಳೆಯ ಕಡತಗಳಲ್ಲಿ ನಿಕಲ್ ಸಿಲ್ವರ್ ಮತ್ತು ಕ್ಯುಪ್ರೊನಿಕಲ್‌ಗೆ 7407.22 ಎಂದು ಕಾಣಬಹುದು. 2007ರ ಎಚ್ಎಸ್ ಪರಿಷ್ಕರಣೆಯಲ್ಲಿ ಆ ಉಪಶೀರ್ಷಿಕೆ ಹೋಯಿತು, ಅವೂ ಈಗ 7407.29ರಲ್ಲೇ ಇವೆ. ಫಾಸ್ಫರ್ ಬ್ರಾಂಜ್, ಅಲ್ಯುಮಿನಿಯಂ ಬ್ರಾಂಜ್, ಸಿಲಿಕಾನ್ ಬ್ರಾಂಜ್ ಎಲ್ಲಕ್ಕೂ ಅದೇ ಜಾಗ. ನಿಕಲ್ ಅಂಶವೇ ತಾಮ್ರಕ್ಕಿಂತ ಹೆಚ್ಚಿರುವ ಮೋನೆಲ್‌ನಂಥ ರಾಡು ಮಾತ್ರ ತಾಮ್ರದ ಅಧ್ಯಾಯವನ್ನೇ ಬಿಟ್ಟು 7505.12ಕ್ಕೆ ಹೋಗುತ್ತದೆ.

ಇದಕ್ಕಿಂತ ಹೆಚ್ಚು ಜನ ಎಡವುವುದು ಇನ್ನೊಂದು ಕಡೆ: ಲೋಹಶಾಸ್ತ್ರದವರು ಮಿಶ್ರಲೋಹ ಎನ್ನುವುದೆಲ್ಲ ಸುಂಕಕ್ಕೆ ಮಿಶ್ರಲೋಹವಲ್ಲ. ತಾಮ್ರ ಶೇ 99.85 ಅಥವಾ ಹೆಚ್ಚಿದ್ದರೆ ಅದು ಶುದ್ಧೀಕರಿಸಿದ ತಾಮ್ರ, 7407.10. ಅಷ್ಟಿಲ್ಲದೆ ಶೇ 97.5ರಷ್ಟಾದರೂ ಇದ್ದು, ಬೇರೆ ಯಾವ ಧಾತುವೂ ಅಧ್ಯಾಯದ ಪಟ್ಟಿ ಕೊಟ್ಟ ಮಿತಿಯನ್ನು ಮೀರದಿದ್ದರೂ ಅದೇ ಕೋಡ್. ಪಟ್ಟಿಯ ಮಿತಿಗಳು: ಕ್ರೋಮಿಯಂ ಶೇ 1.4, ಕ್ಯಾಡ್ಮಿಯಂ 1.3, ಸೀಸ 1.5, ಸತು 1, ತವರ 0.8, ಟೆಲ್ಯೂರಿಯಂ 0.8, ಮೆಗ್ನೀಸಿಯಂ 0.8, ಗಂಧಕ 0.7, ಆರ್ಸೆನಿಕ್ 0.5, ಜಿರ್ಕೋನಿಯಂ 0.3, ಬೆಳ್ಳಿ 0.25. ಪಟ್ಟಿಯಲ್ಲಿ ಹೆಸರಿಲ್ಲದ ನಿಕಲ್, ಬೆರಿಲಿಯಂ, ಸಿಲಿಕಾನ್, ಕಬ್ಬಿಣ ಮುಂತಾದವಕ್ಕೆ ತಲಾ 0.3.

ಈ ಅಂಕಿಗಳನ್ನು ಹಿಡಿದು ನೋಡಿದರೆ ವೆಲ್ಡಿಂಗ್ ಎಲೆಕ್ಟ್ರೋಡ್‌ಗೆ ಬಳಸುವ ಕ್ರೋಮಿಯಂ ತಾಮ್ರ (ಸಿ18200, ಕ್ರೋಮಿಯಂ ಶೇ 0.6ರಿಂದ 1.2) ಮಿಶ್ರಲೋಹವಲ್ಲ. ಲೇತ್‌ನಲ್ಲಿ ಸುಲಭವಾಗಿ ಕತ್ತರಿಸಲು ಬರುವ ಟೆಲ್ಯೂರಿಯಂ ತಾಮ್ರವೂ ಗಂಧಕ ಬೆರೆಸಿದ ತಾಮ್ರವೂ ಅಲ್ಲ. ಮೂರೂ 7407.10. ಬೆರಿಲಿಯಂ ತಾಮ್ರ ಸಿ17200 ಮಾತ್ರ ಬೇರೆ: ಬೆರಿಲಿಯಂ ಶೇ 1.8ರಿಂದ 2.0, ಮಿತಿ 0.3, ಆದ್ದರಿಂದ 7407.29. ಇಲ್ಲೊಂದು ಹೊಂಡವಿದೆ. ಕೈಯಲ್ಲಿ ಹಿಡಿದು ಎಕ್ಸ್-ರೇಯಿಂದ ಧಾತು ಗುರುತಿಸುವ ಎಕ್ಸ್‌ಆರ್‌ಎಫ್ ಗನ್ನಿಗೆ ಬೆರಿಲಿಯಂ ಕಾಣುವುದೇ ಇಲ್ಲ. ಅಷ್ಟು ಹಗುರ ಧಾತು ಅದಕ್ಕೆ ನಿಲುಕದು. ಗೋದಾಮಿನಲ್ಲಿ ಗನ್ ಹಿಡಿದು ‘ತಾಮ್ರ ಶೇ 99ಕ್ಕೂ ಹೆಚ್ಚು’ ಎಂದು ಓದಿ 7407.10 ಬರೆದರೆ ಘೋಷಣೆ ತಪ್ಪಾಗುತ್ತದೆ. ಇಂಥ ಸರಕಿಗೆ ಸ್ಪಾರ್ಕ್ ಸ್ಪೆಕ್ಟ್ರೋಮೀಟರ್ ಅಥವಾ ಪ್ರಯೋಗಾಲಯದ ರಾಸಾಯನಿಕ ವಿಶ್ಲೇಷಣೆಯೇ ಬೇಕು.

ಮಿಲ್ ಟೆಸ್ಟ್ ಸರ್ಟಿಫಿಕೇಟ್ (ತಯಾರಕರು ಕೊಡುವ ಲೋಹ ಪರೀಕ್ಷೆಯ ಪತ್ರ) ಕೇಳುವಾಗ ದರ್ಜೆಯ ಗರಿಷ್ಠ, ಕನಿಷ್ಠ ಮಿತಿಗಳನ್ನಷ್ಟೇ ಮುದ್ರಿಸಿದ ಹಾಳೆಗೆ ಒಪ್ಪಬೇಡಿ. ನಿಮ್ಮ ಹೀಟ್ ನಂಬರಿನ (ಒಂದೇ ಸಲ ಕರಗಿಸಿ ಎರೆದ ಲೋಹದ ಗುರುತು) ನಿಜ ಅಂಕಿ ಬೇಕು. ಕ್ರೋಮಿಯಂ ಜಿರ್ಕೋನಿಯಂ ತಾಮ್ರ ಸಿ18150ರಲ್ಲಿ ಕ್ರೋಮಿಯಂ ಶೇ 0.5ರಿಂದ 1.5ರವರೆಗೆ ಇರಬಹುದು, ಸುಂಕದ ಗೆರೆ 1.4ಕ್ಕೆ. ಅಂದರೆ ಒಂದೇ ದರ್ಜೆಯ ಎರಡು ಹೀಟ್‌ಗಳಿಗೆ ಎರಡು ಕೋಡ್ ಬರಬಹುದು.

ಲೋಹ ತೀರ್ಮಾನವಾದ ಮೇಲೆ ಆಕಾರ. ರಾಡು ಎನ್ನಬೇಕಾದರೆ ಸರಕು ಸುರುಳಿಯಲ್ಲಿ ಇರಕೂಡದು. ಅದೇ ಹಿತ್ತಾಳೆ, ಅದೇ 8 ಮಿ.ಮೀ. ವ್ಯಾಸ, ಆದರೆ ಕಾಯಿಲ್ ಆಗಿ ಬಂದರೆ 7408.21, ತಂತಿ. ನೇರ ಉದ್ದಗಳಾಗಿ ಬಂದರೆ 7407.21. ಚಪ್ಪಟೆ ಪಟ್ಟಿಗೆ ದಪ್ಪವು ಅಗಲದ ಹತ್ತನೇ ಒಂದು ಭಾಗಕ್ಕಿಂತ ಹೆಚ್ಚಿರಬೇಕು: 25 ಮಿ.ಮೀ. ಅಗಲಕ್ಕೆ 3 ಮಿ.ಮೀ. ದಪ್ಪ ಬಾರ್, 2 ಮಿ.ಮೀ. ದಪ್ಪ 7409ರ ಪಟ್ಟಿ. ಸರಿಯಾಗಿ 2.5 ಇದ್ದರೂ ಬಾರ್ ಅಲ್ಲ, ಏಕೆಂದರೆ ನಿಯಮ ಕೇಳುವುದು ‘ಹೆಚ್ಚಿರಬೇಕು’ ಎಂದು. 2022ರ ಆವೃತ್ತಿಯಲ್ಲಿ ಈ ವ್ಯಾಖ್ಯೆಗಳು ಅಧ್ಯಾಯದಿಂದ 15ನೇ ವಿಭಾಗದ 9ನೇ ಟಿಪ್ಪಣಿಗೆ ಹೋಗಿವೆ. ಹುಡುಕುವವರು ಅಲ್ಲಿ ನೋಡಿ.

ಕಂಚಿನ ಬುಷ್ ಮಾಡಲು ತರಿಸುವ ಕಂಟಿನ್ಯುಯಸ್ ಕಾಸ್ಟ್ (ನಿರಂತರವಾಗಿ ಎರಕ ಹೊಯ್ದ) ಬಾರ್‌ಗಳಲ್ಲಿ ತಗಾದೆ ಹೆಚ್ಚು. ಎರಕದ ಬಾರನ್ನು ಎರಕದ ನಂತರ ಮತ್ತೆ ಸಂಸ್ಕರಿಸಿದ್ದರೆ ಮಾತ್ರ ಅದು 7407. ತುದಿ ಕತ್ತರಿಸಿದ್ದು, ಮೇಲಿನ ಪೊರೆ ತೆಗೆದದ್ದು ಸಂಸ್ಕರಣೆ ಎನಿಸುವುದಿಲ್ಲ. ಅಂಥ ಸರಕು ನೋಡಲು ಎಷ್ಟೇ ರಾಡಿನಂತಿದ್ದರೂ ಸಂಸ್ಕರಿಸದ ತಾಮ್ರದ 7403ರ ಅಡಿಯಲ್ಲಿ, ತವರದ ಕಂಚಾದರೆ 7403.22ರಲ್ಲಿ ನಿಲ್ಲುತ್ತದೆ. ಇನ್‌ವಾಯ್ಸ್‌ನಲ್ಲಿ ಬರೀ ‘ಬ್ರಾಂಜ್ ಬಾರ್’ ಎಂದಿದ್ದರೆ ಇದು ತಿಳಿಯುವುದೇ ಇಲ್ಲ. ಎಕ್ಸ್‌ಟ್ರೂಡ್, ಕೋಲ್ಡ್ ಡ್ರಾನ್, ಎರಕ ಹೊಯ್ದಂತೆಯೇ ಇರುವುದು, ಯಾವುದೆಂದು ದರ್ಜೆ ಮತ್ತು ಅಳತೆಯ ಜೊತೆ ಬರೆಸಿಕೊಳ್ಳಿ.

ಟೊಳ್ಳು ಬಾರ್‌ನಲ್ಲಿ ಹೊರಗೂ ಒಳಗೂ ವೃತ್ತವಾಗಿದ್ದು ಗೋಡೆಯ ದಪ್ಪ ಎಲ್ಲೆಡೆ ಒಂದೇ ಇದ್ದರೆ ಅದು 7411ರ ಕೊಳವೆ. ಹೊರಗೆ ಆರು ಮೂಲೆ, ಒಳಗೆ ದುಂಡು ರಂಧ್ರವಿದ್ದರೆ ಕೊಳವೆಯ ವ್ಯಾಖ್ಯೆಗೆ ಹೊಂದದೆ ಪ್ರೊಫೈಲ್ ಆಗಿ 7407ಕ್ಕೇ ಮರಳುತ್ತದೆ. ಬ್ರೇಜಿಂಗ್‌ಗೆ ಬಳಸುವ ಹಿತ್ತಾಳೆ ಕಡ್ಡಿಗೆ ಫ್ಲಕ್ಸ್ ಲೇಪವಿದ್ದರೆ 8311.30, ಲೇಪವಿಲ್ಲದ ನೇರ ಕಡ್ಡಿ 7407.21.

ಇಲ್ಲಿ ಹೇಳಿದ ಆರು ಅಂಕಿಗಳು ಎಚ್‌ಎಸ್ ಪದ್ಧತಿ ಇರುವ ಎಲ್ಲ ದೇಶಗಳಿಗೂ ಸಮಾನ. ಆಮೇಲಿನ ಅಂಕಿಗಳನ್ನೂ ಸುಂಕದ ದರವನ್ನೂ ಆಮದಾಗುವ ದೇಶದ ಚಾಲ್ತಿ ಪಟ್ಟಿಯಲ್ಲಿ ನೋಡಬೇಕು. ಮಿತಿಯ ಅಂಚಿನಲ್ಲಿರುವ ಸರಕನ್ನು ಪದೇಪದೇ ತರಿಸುವವರಾದರೆ, ಮೊದಲ ಲೋಡ್ ಹೊರಡುವ ಮುನ್ನವೇ ಕಸ್ಟಮ್ಸ್‌ನಿಂದ ಮುಂಗಡ ನಿರ್ಣಯ ಪಡೆಯಿರಿ.