ವೆಬ್‌ಸೈಟಿಗೆ ಬಣ್ಣ ಆರಿಸುವ ಮುಂಚೆ ಬೆಳಕು ನೋಡಿ

ಕೋಲಾರದ ಟೊಮೆಟೊ ಮಂಡಿ, ಶ್ರೀನಿವಾಸಪುರದ ಮಾವು, ಶಿಡ್ಲಘಟ್ಟದ ರೇಷ್ಮೆಗೂಡು, ಯಾವುದಕ್ಕೆ ವೆಬ್‌ಸೈಟ್ ಮಾಡಲು ಕೂತರೂ ಮೊದಲು ಬರುವ ಪ್ರಶ್ನೆ ಒಂದೇ: ಯಾವ ಬಣ್ಣ ಹಾಕಿದರೆ ಚೆನ್ನಾಗಿ ಕಾಣುತ್ತೆ? ಈ ಪ್ರಶ್ನೆ ಎರಡನೆಯದಾಗಬೇಕು. ಅಕ್ಷರದ ಹೊಳಪಿಗೂ ಅದರ ಹಿನ್ನೆಲೆಯ ಹೊಳಪಿಗೂ ಎಷ್ಟು ಅಂತರ ಇದೆ ಅನ್ನುವುದು ಮೊದಲನೆಯದು. ಅದು ಸರಿಯಿದ್ದರೆ ಆಮೇಲೆ ನಿಮಗಿಷ್ಟದ ಬಣ್ಣ ಹಾಕಿಕೊಳ್ಳಿ, ಯಾರೂ ಬೇಡ ಅನ್ನಲ್ಲ.

ಕಾರಣ ಕಣ್ಣಿನೊಳಗೇ ಇದೆ. ಸಣ್ಣ ಅಕ್ಷರದ ಅಂಚನ್ನು ನಾವು ಹಿಡಿಯುವುದು ಮುಖ್ಯವಾಗಿ ಹೊಳಪಿನ ವ್ಯತ್ಯಾಸದಿಂದ. ಬಣ್ಣದ ವ್ಯತ್ಯಾಸ ಅಲ್ಲಿ ಹೆಚ್ಚು ಕೆಲಸಕ್ಕೆ ಬರಲ್ಲ. ರೆಟಿನಾದಲ್ಲಿ ಬಣ್ಣ ಗುರುತಿಸುವ ಕೋನ್ ಕೋಶಗಳು ಮೂರು ಬಗೆ, ಅದರಲ್ಲಿ ನೀಲಿಯದು ತೀರಾ ಕಡಿಮೆ, ನೋಟದ ನಟ್ಟನಡುವೆ ಅಂತೂ ಇಲ್ಲವೇ ಇಲ್ಲ. ಸ್ಕ್ರೀನಿನ ಕೆಂಪು, ಹಸಿರು, ನೀಲಿ ಮೂರನ್ನೂ ಪೂರ್ತಿ ಉರಿಸಿದಾಗ ಬಿಳಿ ಕಾಣುತ್ತದಲ್ವಾ, ಆ ಹೊಳಪಿನಲ್ಲಿ ಹಸಿರಿನ ಪಾಲು ಸುಮಾರು 72%, ಕೆಂಪಿನದು 21%, ನೀಲಿಯದು ಬರೀ 7%.

ಈ ಪಾಲು ಹಿಡಿದೇ ಕಾಂಟ್ರಾಸ್ಟ್, ಅಂದರೆ ಅಕ್ಷರದ ಹೊಳಪಿಗೂ ಹಿನ್ನೆಲೆಯ ಹೊಳಪಿಗೂ ಇರುವ ಅನುಪಾತ, ಲೆಕ್ಕ ಹಾಕುತ್ತಾರೆ. ಬಿಳಿ ಮೇಲೆ ಕಪ್ಪು ಅಂದರೆ 21, ಅದೇ ಗರಿಷ್ಠ. ಬಿಳಿ ಮೇಲೆ ಬಿಳಿ ಅಂದರೆ 1. ವೆಬ್‌ನ ನಿಯಮ ರೂಪಿಸುವ ಡಬ್ಲ್ಯೂ3ಸಿ 2008ರಲ್ಲಿ ಕೊಟ್ಟ ಮಾರ್ಗಸೂಚಿಯಂತೆ ಮಾಮೂಲಿ ಅಕ್ಷರಕ್ಕೆ ಕನಿಷ್ಠ 4.5 ಇರಬೇಕು, ದೊಡ್ಡ ಅಕ್ಷರಕ್ಕೆ 3 ಸಾಕು. ಈಗ ಲೆಕ್ಕ ನೋಡಿ. ಬಿಳಿ ಮೇಲೆ ಅಚ್ಚ ಹಳದಿ 1.07, ಅಂದರೆ ಬರೆದೂ ಬರೆಯದ ಹಾಗೆ. ಅಚ್ಚ ಹಸಿರು 1.37. ಅದೇ ಹಳದಿಯ ಮೇಲೆ ಕಪ್ಪು ಇಡಿ, 19.6! ಟ್ಯಾಕ್ಸಿ, ಲಾರಿಗಳ ನಂಬರ್ ಪ್ಲೇಟ್ ದೂರದಿಂದಲೇ ಓದಲು ಸಿಗುವುದು ಇದರಿಂದಲೇ.

ಇನ್ನು ನಮ್ಮ ಹಳದಿ-ಕೆಂಪು. ನವೆಂಬರ್ ಬಂತು ಅಂದರೆ ಎಲ್ಲರ ಪುಟವೂ ಹಳದಿ ಹಿನ್ನೆಲೆ, ಕೆಂಪು ಅಕ್ಷರ. ಮ. ರಾಮಮೂರ್ತಿಯವರು ರೂಪಿಸಿದ ಕನ್ನಡ ಬಾವುಟ ದೂರದಿಂದ ನೋಡುವುದಕ್ಕೆ ಇರುವುದು, ಅಲ್ಲಿ ಎರಡು ದೊಡ್ಡ ಪಟ್ಟಿಗಳು, ಆ ಕೆಲಸವನ್ನು ಅದು ಅದ್ಭುತವಾಗಿ ಮಾಡುತ್ತದೆ. ಆದರೆ ಸ್ಕ್ರೀನಿನ ಅಚ್ಚ ಹಳದಿ ಮೇಲೆ ಅಚ್ಚ ಕೆಂಪಿನಲ್ಲಿ ಒಂದು ಪ್ಯಾರಾ ಬರೆದರೆ ಸಿಗುವ ಕಾಂಟ್ರಾಸ್ಟ್ 3.7 ಅಷ್ಟೇ. ಶೀರ್ಷಿಕೆಗೆ ಸಾಕು, ಓದುವುದಕ್ಕೆ ಸಾಲದು. ಬಣ್ಣ ಬಿಡಬೇಕಾಗಿಲ್ಲ. ಸ್ಕ್ರೀನಿನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 0ಯಿಂದ 255ರವರೆಗೆ ಅಂಕಿ ಕೊಡುತ್ತಾರೆ; ಕೆಂಪಿನ ಅಂಕಿಯನ್ನು 255ರಿಂದ 170ಕ್ಕೆ ಇಳಿಸಿ, ಸ್ವಲ್ಪ ಗಾಢ ಕೆಂಪಾಗುತ್ತದೆ, ಕಾಂಟ್ರಾಸ್ಟ್ 7.2ಕ್ಕೆ ಹೋಗುತ್ತದೆ. ನೋಡಿದವರಿಗೆ ಈಗಲೂ ಅದು ಹಳದಿ-ಕೆಂಪೇ.

ಕನ್ನಡಕ್ಕೆ 4.5 ಕೂಡ ಕಡಿಮೆ ಅಂತ ನನ್ನ ಅಭಿಪ್ರಾಯ. ನಮ್ಮ ಲಿಪಿಯಲ್ಲಿ ಸುರುಳಿ ಜಾಸ್ತಿ, ಕೆಳಗೆ ಒತ್ತಕ್ಷರ, ಅದೂ ಮೇಲಿನ ಅಕ್ಷರಕ್ಕಿಂತ ಚಿಕ್ಕದು. ಸಣ್ಣ ಸೈಜಿನಲ್ಲಿ ಆ ತೆಳು ಗೆರೆಗಳು ಪೂರ್ತಿ ಒಂದು ಪಿಕ್ಸೆಲ್ ಕೂಡ ತುಂಬಲ್ಲ, ಹಾಗಾಗಿ ಹಿನ್ನೆಲೆಯ ಬಣ್ಣ ಬೆರೆತು ಇನ್ನೂ ಮಸುಕಾಗುತ್ತವೆ. ಅದೇ ಮಾರ್ಗಸೂಚಿಯಲ್ಲಿ ಇನ್ನೊಂದು ಮೇಲಿನ ಹಂತ ಇದೆ, 7. ಕನ್ನಡದ ಪುಟಕ್ಕೆ ಅದನ್ನೇ ಹಿಡಿಯಿರಿ.

ಆಮೇಲೆ ಬಿಸಿಲು. ಡಿಸೈನ್ ಮಾಡುವವರು ಫ್ಯಾನಿನ ಕೆಳಗೆ ಕೂತಿರುತ್ತಾರೆ, ನೋಡುವವರು ಮಂಡಿಯಲ್ಲಿ ಬಾಕ್ಸ್ ಇಳಿಸುತ್ತಾ ಒಂದು ಕೈಯಲ್ಲಿ ಫೋನ್ ಹಿಡಿದಿರುತ್ತಾರೆ. ಫೋನಿನ ಬಿಳಿ 500 ನಿಟ್ಸ್ ಹೊಳಪು ಕೊಡುತ್ತದೆ, ಬೂದು ಅಕ್ಷರ 90 ಕೊಡುತ್ತದೆ ಅಂತಿಟ್ಟುಕೊಳ್ಳಿ. ನೆರಳಿನಲ್ಲಿ ಇದು ಆರಾಮಾಗಿ ಓದಬಹುದಾದ ಜೋಡಿ. ಗಾಜಿನ ಮೇಲೆ ಬಿದ್ದ ಬಿಸಿಲು ಪ್ರತಿಫಲಿಸಿ ಎರಡಕ್ಕೂ 500 ಸೇರಿಸಿತು ಅನ್ನಿ: 1000ಕ್ಕೆ 590, ಅಂದರೆ ಕಾಂಟ್ರಾಸ್ಟ್ 1.7ಕ್ಕೆ ಬಿತ್ತು. ಶುದ್ಧ ಕಪ್ಪಾಗಿದ್ದರೂ 2ರ ಹತ್ತಿರ ಬರುತ್ತಿತ್ತು ಅಷ್ಟೇ, ಆದರೆ ಆ ಸ್ವಲ್ಪವೇ ಅಲ್ಲಿ ಓದಿಸುತ್ತದೆ. ನಾಜೂಕಾಗಿ ಕಾಣಲಿ ಅಂತ ತಿಳಿಬೂದು ಅಕ್ಷರ ಹಾಕುವ ಫ್ಯಾಷನ್ ನನಗೆ ಸಿಟ್ಟು ಬರಿಸುವುದು ಇದಕ್ಕೇ. ರೇಟ್ ಕಾಣದೆ ಫೋನ್ ಮೇಲೆ ಕೈ ಅಡ್ಡ ಹಿಡಿದು ನೋಡುವ ರೈತನಿಗೆ ಆ ನಾಜೂಕು ಏನು ಪ್ರಯೋಜನ?

ರೇಟ್ ಅಂದಮೇಲೆ ಕೆಂಪು-ಹಸಿರಿನ ವಿಷಯ ಹೇಳಲೇಬೇಕು. ರೇಟ್ ಏರಿದರೆ ಹಸಿರು ಅಂಕಿ, ಇಳಿದರೆ ಕೆಂಪು ಅಂಕಿ ಅಂತ ಹಾಕುತ್ತಾರೆ. ಇವೆರಡನ್ನೂ ಬೇರ್ಪಡಿಸಿ ನೋಡಲು ಕಷ್ಟಪಡುವವರು ಇದ್ದಾರೆ. ಯುರೋಪ್ ಮೂಲದ ಗಂಡಸರಲ್ಲಿ ಸುಮಾರು 12ಕ್ಕೆ ಒಬ್ಬರಿಗೆ ಈ ತೊಂದರೆ ಇದೆ, ನಮ್ಮಲ್ಲೂ ಇದು ಅಪರೂಪವೇನಲ್ಲ. ಸಂಬಂಧಪಟ್ಟ ಜೀನ್ ಎಕ್ಸ್ ಕ್ರೋಮೋಸೋಮಿನಲ್ಲಿ ಇರುವುದರಿಂದ ಹೆಂಗಸರಲ್ಲಿ ಕಡಿಮೆ. ಬಣ್ಣದ ಜೊತೆಗೆ ಒಂದು ಬಾಣದ ಗುರುತು ಹಾಕಿ, ಏರಿಕೆಗೆ ಮೇಲೆ, ಇಳಿಕೆಗೆ ಕೆಳಗೆ. ಅಷ್ಟೇ ಕೆಲಸ.

ಫೋಟೊ ಸುತ್ತ ಯಾವ ಬಣ್ಣ ಅನ್ನುವುದಕ್ಕೂ ಹಳೆಯ ವಿಜ್ಞಾನ ಇದೆ. ಪ್ಯಾರಿಸ್ಸಿನ ಗೋಬೆಲಿನ್ಸ್ ನೇಯ್ಗೆ ಕಾರ್ಖಾನೆಯಲ್ಲಿ ಬಣ್ಣದ ವಿಭಾಗ ನೋಡಿಕೊಳ್ಳುತ್ತಿದ್ದ ಶೆವ್ರಲ್ ಎಂಬ ರಸಾಯನ ವಿಜ್ಞಾನಿಗೆ, ಕಪ್ಪು ನೂಲು ಡಲ್ ಆಗಿದೆ ಅಂತ ದೂರು ಬಂದಿತ್ತು. ಪರೀಕ್ಷಿಸಿದರೆ ನೂಲಿನಲ್ಲಿ ದೋಷ ಇಲ್ಲ, ಪಕ್ಕದ ಬಣ್ಣದಿಂದ ಹಾಗೆ ಕಾಣುತ್ತಿತ್ತು. 1839ರಲ್ಲಿ ಇದರ ಮೇಲೆ ದೊಡ್ಡ ಪುಸ್ತಕವನ್ನೇ ಬರೆದ. ಹಸಿರು ಹಿನ್ನೆಲೆಯಲ್ಲಿ ಟೊಮೆಟೊ ಇನ್ನಷ್ಟು ಕೆಂಪಾಗಿ ಕಾಣುವುದು ಇದೇ ಗುಣದಿಂದ. ಜಾಹೀರಾತಿಗೆ ಅದು ಸರಿ. ಆದರೆ ರೇಷ್ಮೆಗೂಡಿನ ಫೋಟೊ ಹಾಕುವಾಗ ನೀಲಿ ಹಿನ್ನೆಲೆ ಬೇಡ, ಹಳದಿ ಗೂಡು ಇರುವುದಕ್ಕಿಂತ ಹಳದಿಯಾಗಿ ಕಂಡು ಕೊಳ್ಳುವವರಿಗೆ ಮೋಸವಾಗುತ್ತದೆ. ಬಿಳಿ ಹಿನ್ನೆಲೆಯಲ್ಲಿ ಬಿಳಿ ಗೂಡು ಕಳೆದೇ ಹೋಗುತ್ತದೆ. ಮಧ್ಯಮ ಬೂದು ಹಾಕಿ, ಅದು ಯಾವ ಬಣ್ಣದ ಕಡೆಗೂ ಎಳೆಯುವುದಿಲ್ಲ.

ಎಷ್ಟು ಬಣ್ಣ ಇರಬೇಕು? ಒಂದು ಹಿನ್ನೆಲೆ, ಒಂದು ಅಕ್ಷರ, ಒತ್ತಬೇಕಾದ ಬಟನ್‌ಗೆ ಮಾತ್ರ ಇನ್ನೊಂದು. ಆ ಮೂರನೆಯದನ್ನು ಬೇರೆ ಎಲ್ಲೂ ಬಳಸಬೇಡಿ.

ಮಾಡಿದ್ದು ಸರಿಯಿದೆಯಾ ಅಂತ ನೋಡಲು, ಫೋನಿನ ಆಕ್ಸೆಸಿಬಿಲಿಟಿ ಸೆಟ್ಟಿಂಗ್ಸ್‌ನಲ್ಲಿ ಬಣ್ಣ ತೆಗೆದು ಬೂದು ಮಾಡಿ, ಮಧ್ಯಾಹ್ನ ಹೊರಗೆ ಹೋಗಿ ನಿಂತು ನಿಮ್ಮ ಪುಟ ತೆರೆಯಿರಿ. ಬಟನ್ ಎಲ್ಲಿದೆ ಅಂತ ಹುಡುಕಬೇಕಾಗಿ ಬಂದರೆ, ಗಾಢ ಬಣ್ಣವನ್ನು ಇನ್ನೂ ಸ್ವಲ್ಪ ಗಾಢ ಮಾಡಿ ಮತ್ತೆ ನೋಡಿ.